ಹೆಗಲ ಮೇಲಿನ ಕೈ

ಕೆಟ್ಟದ್ದು ಒಂದೇ ಒಂದು ಫೋಟೋ. ಮೇಲರ್ಧ ನೆಟ್ಟಗಿತ್ತು: ಹಂದರದ ಹೂವು, ಅದರ ಕೆಳಗೆ ಎರಡು ಮುಖ. ಕುತ್ತಿಗೆಯಿಂದ ಕೆಳಗೆ ಬರೀ ಬೂದು, ಗೋಡೆಗೆ ಸಿಮೆಂಟು ಮೆತ್ತಿದ ಹಾಗೆ. ವಿಕ್ರಮ ಮುಚ್ಚಿ ಮತ್ತೆ ತೆರೆದ, ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದ. ಬೂದು ಅಲ್ಲೇ ಇತ್ತು. ಸಾವಿರದ ಇನ್ನೂರು ಫೋಟೋ ಇರುವಾಗ ಹೋಗಿ ಹೋಗಿ ಇದಕ್ಕೇ ಬಡಿಯಬೇಕೆ!

ಅದು ಕನಮಡಿಯ ಶಾಂತಪ್ಪನ ಮಗಳ ಮದುವೆ. ಶಾಂತಪ್ಪನೂ ಅವನ ಅಣ್ಣ ಸಾಬಣ್ಣನೂ ಬಾವಿ ನೀರಿನ ಪಾಳಿಗೆ ಜಗಳಾಡಿ ಮಾತು ಬಿಟ್ಟು ಹನ್ನೊಂದು ವರ್ಷ. ಅಣ್ಣ ಊರನ್ನೇ ಬಿಟ್ಟು ಇಟ್ಟಂಗಿಹಾಳಕ್ಕೆ ಹೋಗಿ ನೆಲೆಸಿದ್ದ. ಬರುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಅಕ್ಷತೆಯ ಹೊತ್ತಿಗೆ ಸರಿಯಾಗಿ ಬಂದ, ಕಣ್ಣೊರೆಸಿಕೊಳ್ಳುತ್ತಿದ್ದ ತಮ್ಮನ ಹೆಗಲ ಮೇಲೆ ಒಂದು ಗಳಿಗೆ ಕೈ ಇಟ್ಟ, ಊಟಕ್ಕೂ ನಿಲ್ಲದೆ ಹೋದ. ಬದಿಯಲ್ಲಿದ್ದ ವಿಕ್ರಮ ಸಾಬಣ್ಣನಿಗೆ ತಿಳಿಯದಂತೆ ಅದನ್ನು ಹಿಡಿದು, ಆಮೇಲೆ ಕ್ಯಾಮೆರಾದಲ್ಲೇ ಶಾಂತಪ್ಪನಿಗೆ ತೋರಿಸಿದ್ದ. ಮರುದಿನ ಶಾಂತಪ್ಪ ಕೇಳಿದ್ದು ಅದೊಂದನ್ನೇ.

"ಉಳಿದದ್ದು ಹೆಂಗರ ಮಾಡಪಾ. ಅದೊಂದು ದೊಡ್ಡದ ಮಾಡಿ ಫ್ರೇಮ್ ಹಾಕಿ ಕೊಡು. ಅಣ್ಣನ ಮನಿಗಿ ಕಳಸ್ತೇನಿ."

ತಪ್ಪು ಎಲ್ಲಾಯಿತು ಎಂಬುದು ವಿಕ್ರಮನಿಗೆ ಚೆನ್ನಾಗಿ ಗೊತ್ತಿತ್ತು. ತಿಕೋಟಾದ ಅವನ ಸ್ಟುಡಿಯೋದ ಕಂಪ್ಯೂಟರಿಗೆ ಹತ್ತು ವರ್ಷ. ಆಲ್ಬಮ್ಮಿಗೆ ಕುಳಿತರೆ ಒಂದೊಂದು ಪುಟಕ್ಕೂ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಹೊಸದನ್ನು ಕೊಳ್ಳುವವರು ಕೊಳ್ಳಲಿ, ನಾನು ಇದನ್ನೇ ಓಡಿಸುತ್ತೇನೆ ಎಂದು ಹಟಕ್ಕೆ ಬಿದ್ದ. ಪ್ರೊಸೆಸರಿನ ವೇಗ ಏರಿಸಿದ. ಮೆಮೊರಿಯ ಟೈಮಿಂಗ್, ಅಂದರೆ ಒಂದು ಕೆಲಸಕ್ಕೂ ಮುಂದಿನದಕ್ಕೂ ನಡುವೆ ಅದು ತಗೊಳ್ಳುವ ಬಿಡುವು, ಹನ್ನೊಂದು ಇದ್ದದ್ದನ್ನು ಕಡಿಮೆ ಮಾಡುತ್ತ ಬಂದ. ಎಂಟಕ್ಕೆ ಪರದೆಯೇ ಹತ್ತಲಿಲ್ಲ. ಒಳಗಿನ ಪುಟ್ಟ ಬ್ಯಾಟರಿ ತೆಗೆದು ಮತ್ತೆ ಹಾಕಿ ಎಬ್ಬಿಸಬೇಕಾಯಿತು. ಒಂಬತ್ತಕ್ಕೆ ನಿಲ್ಲಿಸಿದ. ಮುದಿ ಕಂಪ್ಯೂಟರು ಎಳೆಗರುವಿನ ಹಾಗೆ ಜಿಗಿಯತೊಡಗಿತು. ಆರು ತಾಸು ಮೆಮೊರಿ ಪರೀಕ್ಷೆಗೆ ಹಚ್ಚಿದಾಗ ಕೊನೆಗೆ ಬಂದದ್ದು ಒಂದೇ ಕೆಂಪು ಗೆರೆ: ಎರರ್, ಒಂದು.

"ಒಂದ ಬಂದ್ರೂ ಎರರ್ ಐತ್ರಿ ವಿಕ್ರಮಣ್ಣಾ. ಹತ್ತಕ್ಕ ಸಡ್ಲ ಮಾಡ್ರಿ," ಎಂದು ವಿಜಯಪುರದಲ್ಲಿ ಬಿಡಿಭಾಗ ಮಾರುವ ಸೈಫುದ್ದೀನ ಅವತ್ತೇ ಫೋನಿನಲ್ಲಿ ಹೇಳಿದ್ದ.

ವಿಕ್ರಮ ನಕ್ಕಿದ್ದ. ಅವನು ಒಣದ್ರಾಕ್ಷಿ ಶೆಡ್ಡಿನಲ್ಲಿ ಬೆಳೆದವನು. ಹದಿನೈದು ಕಿಲೋ ಬಾಕ್ಸಿನಲ್ಲಿ ನಾಲ್ಕು ಕರಿ ಕಾಳು ಬಂದರೂ ಅದು ಒಂದನೇ ನಂಬರಿನ ಮಾಲು. ಮಾಲು ಆರಿಸಲು ಕೂರಿಸಿಕೊಂಡು ಅಪ್ಪ ಕಲಿಸಿದ್ದೇ ಅದು. "ಕೋಟಿ ಲೆಕ್ಕದಾಗ ಒಂದ ತಪ್ಪಿದ್ರ ಯಾರ ಮನಿ ಮುಳಗತೈತಿ ಬಿಡಪಾ," ಎಂದು ಫೋನು ಇಟ್ಟ. ಆಮೇಲೆ ಮದುವೆಯ ಫೋಟೋಗಳನ್ನು ಅದೇ ಕಂಪ್ಯೂಟರಿಗೆ ಇಳಿಸಿದ, ಎಂದಿನಂತೆ ಕಾರ್ಡು ಅಳಿಸಿದ, ಮರುದಿನ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಒಯ್ದ. ಇಳಿಸುವಾಗ ಎಲ್ಲೋ ಒಂದು ಕಡೆ ಮೆಮೊರಿ ತಡವರಿಸಿತ್ತು.

ಈಗ ಟೈಮಿಂಗನ್ನು ಮತ್ತೆ ಹನ್ನೊಂದಕ್ಕೆ ತಂದಿಟ್ಟ. ಹೋದದ್ದು ಬರಲಿಲ್ಲ. ಬೇರೆ ಫೋಟೋದಿಂದ ಶಾಂತಪ್ಪನ ಹೆಗಲು ತಂದು ಜೋಡಿಸಿದ, ಯಾರೋ ಬೀಗರ ಕೈ ಕತ್ತರಿಸಿ ಅದರ ಮೇಲಿಟ್ಟ. ಬೆಳಕು, ಬಣ್ಣ ಎಲ್ಲ ಕೂಡಿಕೊಂಡವು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹತ್ತು ನಿಮಿಷ ನೋಡುತ್ತ ಕುಳಿತ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಅಳಿಸಿಬಿಟ್ಟ.

ಮಧ್ಯಾಹ್ನ ಶಾಂತಪ್ಪ ಬಂದ. ಕೈಯಲ್ಲಿ ಹೊಸ ಒಣದ್ರಾಕ್ಷಿಯ ಚೀಲ, ಮುಖದ ತುಂಬ ನಗು.

"ಕಾಕಾ, ಒಂದ ಫೋಟೋ ಕೆಟ್ಟೈತ್ರಿ. ತಪ್ಪು ನಂದ ಐತ್ರಿ."

"ಎಷ್ಟರಾಗ ಒಂದ?"

"ಸಾವಿರದ ಇನ್ನೂರರಾಗ."

ಶಾಂತಪ್ಪ ಚೀಲಕ್ಕೆ ಕೈ ಹಾಕಿ ಒಂದು ಕರಿ ಕಾಳು ಹೆಕ್ಕಿ ಬಾಗಿಲಾಚೆ ಒಗೆದ. "ಇಷ್ಟ ಅಲ್ಲೇನಪಾ? ಇದಕ್ಯಾಕ ಮಾರಿ ಸಣ್ಣದ ಮಾಡಿ."

ವಿಕ್ರಮ ಆಡಿದ ಮಾತೇ ತಿರುಗಿ ಅವನ ಮುಂದೆ ಬಂದು ಕುಳಿತಿತ್ತು. ಅವನು ಪರದೆಯನ್ನು ಶಾಂತಪ್ಪನ ಕಡೆ ತಿರುಗಿಸಿದ.

ಶಾಂತಪ್ಪ ಕುಳಿತು ಚಷ್ಮಾ ಹಾಕಿಕೊಂಡ. ಹೂವಿನ ಕೆಳಗೆ ಎರಡು ಮುಖ. ಒಂದು ಅತ್ತ, ಒಂದು ಇತ್ತ. ಬೂದು ಬಣ್ಣದ ಮೇಲೆ, ಹೆಗಲು ಇರಬೇಕಾದಲ್ಲಿ, ಬೆರಳಿಟ್ಟ.

"ಕೈ ಇಲ್ಲಂದ್ರ ಇನ್ನೂ ಮಾತು ಬಿಟ್ಟವರಂಗ ಕಾಣ್ತೀವಿ ನೋಡು."

"ಬೈರಿ ಕಾಕಾ. ಸುಮ್ನ ಬಿಡಬ್ಯಾಡ್ರಿ."

"ನಿನಗೇನ ಬೈಲಿ. ಫೋಟೋ ಕಳಿಸಿಬಿಟ್ರ ನಾ ಹೋಗೂದು ತಪ್ಪತೈತಿ ಅಂತ ಮಾಡಿದ್ದೆ ನಾನೂ." ಚಷ್ಮಾ ತೆಗೆದು ಕಿಸೆಗೆ ಹಾಕಿಕೊಂಡು ಎದ್ದ. "ಇಟ್ಟಂಗಿಹಾಳಕ್ಕ ಬಸ್ ಯಾವಾಗೈತಿ?"

"ಬಸ್ ಯಾಕ್ರಿ, ನನ್ನ ಗಾಡಿ ಮ್ಯಾಲ ಹೋಗೂಣು ನಡೀರಿ," ಎಂದು ವಿಕ್ರಮ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿದ.

ಒಣದ್ರಾಕ್ಷಿಯ ಚೀಲ ಎತ್ತಿಕೊಂಡು ಹೊರಟಿದ್ದ ಶಾಂತಪ್ಪ ಬಾಗಿಲಲ್ಲಿ ತಿರುಗಿ ನಿಂತ.

"ಕ್ಯಾಮೆರಾ ಇಲ್ಲೇ ಇಟ್ಟ ಬಾ," ಎಂದ. "ಅದನ್ನ ಕಂಡ್ರ ನಮ್ಮಣ್ಣ ಕೈ ಇಡಂಗಿಲ್ಲ."