ಒಂಬತ್ತೂ ಹತ್ತರ ಪ್ಯಾಕೆಟ್

ಪರದೆಯ ಮೇಲಿನ ಅಂಕಿ ಸೆಕೆಂಡಿಗೆ ಮೂವತ್ತು ಸಾವಿರದಂತೆ ಏರುತ್ತಿತ್ತು. ಹುಬ್ಬಳ್ಳಿಯಿಂದ ರಿಪೇರಿಗೆ ಬಂದಿದ್ದ ಧನಶ್ರೀ ಎರಡು ಸಲ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದಳು. ಅಂಕಿ ಸೊನ್ನೆಯಿಂದ ಶುರುವಾಗಿ ಮತ್ತೆ ಅದೇ ವೇಗದಲ್ಲಿ ಓಡಿತು. ವಾಯರಿನ ಮೂಲಕ ಒಳಗೆ ಬಂದ ಪ್ಯಾಕೆಟ್‌ಗಳು, ಅಂದರೆ ಪುಟ್ಟ ಸಂದೇಶಗಳು, ಹದಿನೆಂಟು ಲಕ್ಷ; ಹೊರಗೆ ಹೋದವು ಬರೀ ಹದಿನೈದು. ಹುಬ್ಬಳ್ಳಿ ಸಮೀಪದ ಬೇಲೂರು ಕೈಗಾರಿಕಾ ಪ್ರದೇಶದ ಆ ಸ್ಟಾರ್ಚ್ ಕಾರ್ಖಾನೆಯಲ್ಲಿ ಅಂದು ಯಂತ್ರಗಳೆಲ್ಲ ನಿಂತಿದ್ದವು. ಮರುದಿನ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಒರೆಸುವವರು, ತೊಳೆಯುವವರು, ಚೀಲ ಕಟ್ಟುವವರು ಬಿಟ್ಟರೆ ಬೇರೆ ಯಾರಿಗೂ ಕೆಲಸವಿರಲಿಲ್ಲ.

"ಏನರೆ ಸಿಕ್ತೇನ್ರಿ ಮೇಡಂ?" ಕಂಟ್ರೋಲ್ ರೂಮಿನ ನೀಲಕಂಠಪ್ಪ ಮೇಜಿನ ಕಾಲು ಒರೆಸುತ್ತ ಕೇಳಿದ. "ಮುಂಜಾನಿಂದ ಪ್ರಿಂಟರ್ ಸುದ್ದಾ ನಡೀವಲ್ದು."

"ನೆಟ್‌ವರ್ಕ್ ಕಾರ್ಡಿನ ಡ್ರೈವರ್ ತಪ್ಪು ಎಣಿಸ್ಲಿಕ್ಕತ್ತದೋ ಏನೋ, ಕಾಕಾ. ಡ್ರೈವರ್ ಅಂದ್ರ ಆ ಕಾರ್ಡ್ ನಡಸೋ ಸಾಫ್ಟ್‌ವೇರು. ಅದು ಎಷ್ಟು ಅಂತದ, ನಮಗ ಅಷ್ಟ ಕಾಣೋದು."

"ನಾಳೆ ಅದರ ಮುಂದೂ ಒಂದು ಲಿಂಬಿಹಣ್ಣು ಕೊಯ್ತೇನಿ ತಗೋರಿ. ಖರೇ ಎಣಿಸಾಕ ಹತ್ತತೈತಿ."

ಗೋಡೆಯ ಮೇಲೆ ಕಾರ್ಖಾನೆಯ ವಾಯರುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಇತ್ತು. ಅದು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಧನಶ್ರೀ ಎರಡನ್ನೂ ತಾಳೆ ನೋಡಿದಳು. ಎರಡರಲ್ಲೂ ಅದೇ ವೇಗ. ಡ್ರೈವರ್ ಸರಿಯಾಗಿಯೇ ಎಣಿಸುತ್ತಿತ್ತು. ಹಾಗಾದರೆ ನಿಂತ ಕಾರ್ಖಾನೆಯಲ್ಲಿ ಇಷ್ಟೊಂದು ಮಾತಾಡುತ್ತಿರುವುದು ಯಾರು?

ಒಂದು ಪ್ಯಾಕೆಟ್ ಹಿಡಿದು ಬಿಡಿಸಿದಳು. 'ಟ್ಯಾಂಕ್ ಮೂರು. ಆರಾಮ. ೯:೧೦.' ಅದರ ಹಿಂದಿನದನ್ನು ಬಿಡಿಸಿದಳು. 'ಟ್ಯಾಂಕ್ ಮೂರು. ಆರಾಮ. ೯:೧೦.' ಹತ್ತು ಸಾವಿರ ದಾಟಿ ಇನ್ನೊಂದನ್ನು ನೋಡಿದಳು. ಅದೇ. ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ಕೋಣೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

"ಕಾಕಾ, ಮೂರನೇ ಟ್ಯಾಂಕಿನ್ಯಾಗ ಯಾರಿದ್ದಾರ?"

"ನಮ್ಮ ದ್ಯಾಮಣ್ಣ. ಗ್ವಾಂಜಾಳ ನೆನೀ ಇಡೋ ಟ್ಯಾಂಕ್ ಅದು. ತಳದಾಗಿನ ಗಸಿ ತೆಗಿಯಾಕ ಇಳದಾನ." ನೀಲಕಂಠಪ್ಪ ಪಕ್ಕದ ಪರದೆಯ ಹಸಿರು ದೀಪ ತೋರಿಸಿದ. "ಅಲ್ಲಿ ನೋಡ್ರಿ, ಛಲೋ ಅದಾನ."

ಮೆಕ್ಕೆಜೋಳ ನೆನೆಸುವ ಟ್ಯಾಂಕಿನಲ್ಲಿ ವಿಷಗಾಳಿ ಕೂಡುವುದುಂಟು. ಅದಕ್ಕೇ ಇಳಿದವನ ಕೊರಳಲ್ಲಿ ಒಂದು ಗುಂಡಿ ಇರುತ್ತದೆ. ಕಾಲು ಗಂಟೆಗೊಮ್ಮೆ ಅದನ್ನು ಒತ್ತಬೇಕು. ಒತ್ತಿದರೆ ಇಲ್ಲಿ ಹಸಿರು, ಒತ್ತದಿದ್ದರೆ ಸೈರನ್. ಗುಂಡಿ ಬಂದ ಮೇಲೆ, ಟ್ಯಾಂಕಿನ ಬಾಯಲ್ಲಿ ಹಗ್ಗ ಹಿಡಿದು ಕೂರುತ್ತಿದ್ದ ಆಳನ್ನು ಬೇರೆ ಕೆಲಸಕ್ಕೆ ಹಾಕಿದ್ದರು.

"ಈ ಪೆಟ್ಟಿಗಿಗೆ ಮುಂಜಾನೆ ಯಾರು ಕೈ ಹಚ್ಚಿದ್ರಿ?"

"ನಾನ. ಒಂಬತ್ತಕ್ಕ ಬಂದವನ ಧೂಳ ಹೊಡದೆ. ಒಂದು ವಾಯರಿನ ತುದಿ ಜೋತಾಡತಿತ್ತು. ಪೂಜಿ ಮುಂದ ಹಂಗ ಬಿಟ್ಟರ ನೋಡಿದವ್ರು ಏನಂದಾರು? ಖಾಲಿ ತೂತು ಒಂದಿತ್ತು, ಚುಚ್ಚಿದೆ."

ಧನಶ್ರೀ ಆ ವಾಯರನ್ನು ಬೆರಳಿನಿಂದ ಹಿಂಬಾಲಿಸಿದಳು. ಅದರ ಇನ್ನೊಂದು ತುದಿಯೂ ಅದೇ ಪೆಟ್ಟಿಗೆಯಲ್ಲಿತ್ತು.

"ಇಲ್ಲಿಂದ ಹೊಂಟದ್ದು ತಿರುಗಿ ಇಲ್ಲೇ ಬರ್ಲಿಕ್ಕತ್ತದ, ಕಾಕಾ. ಒಂಬತ್ತೂ ಹತ್ತಕ್ಕ ಅವರು ಒಮ್ಮೆ ಒತ್ಯಾರ. ಆ ಒಂದ ಸುದ್ದಿ ಇಷ್ಟೊತ್ತೂ ಸುತ್ತು ಹೊಡದದ. ಆಮ್ಯಾಲಿಂದು ಒಂದೂ ಇಲ್ಲ."

"ಮತ್ತ ದೀಪ ಹಸರ ಐತಲ್ರಿ?"

"ದೀಪ ಟೈಮ್ ನೋಡೂದಿಲ್ಲ. ಸುದ್ದಿ ಬಂತೋ ಇಲ್ಲೋ, ಅಷ್ಟ."

ನೀಲಕಂಠಪ್ಪನ ಕೈಯ ಅರಿವೆ ನೆಲಕ್ಕೆ ಬಿತ್ತು. "ಅವ ಒತ್ತಿದ್ದು ಈ ಗದ್ದಲದಾಗ ದಾರಿ ಸಿಗದ ಹೊರಗ ಉಳದಿರಬೇಕು. ಹಂಗೂ ಆಗತೈತಲ್ರಿ? ಹೌದಿಲ್ಲೋ?"

"ಆಗ್ತದ. ಓಡ್ರಿ."

ಮೂರನೇ ಟ್ಯಾಂಕಿನ ಮುಚ್ಚಳ ತೆರೆದೇ ಇತ್ತು. ಒಳಗಿನಿಂದ ಹುಳಿವಾಸನೆ ಮೂಗಿಗೆ ಚುಚ್ಚಿತು. ನೀಲಕಂಠಪ್ಪ ಬಗ್ಗಿ, "ದ್ಯಾಮಾ!" ಎಂದು ಕೂಗಿದ. ಅವನದೇ ದನಿ ಒಳಗೋಡೆಗೆ ಬಡಿದು ಮೇಲೆ ಬಂತು. ಇನ್ನೊಮ್ಮೆ ಕೂಗಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಇಳಿದು ದ್ಯಾಮಣ್ಣನನ್ನು ಎತ್ತಿ ತಂದರು. ಕಾರ್ಖಾನೆಯ ಡಾಕ್ಟರು ಮೊದಲು ಅವನ ದವಡೆ ಮುಟ್ಟಿ ನೋಡಿದರು, ಆಮೇಲೆ ಕೈಗಡಿಯಾರ. "ಜೀವ ಹೋಗಿ ಎರಡು ತಾಸಿನ ಮ್ಯಾಲಾತು," ಎಂದರು.

ಧನಶ್ರೀ ಕಂಟ್ರೋಲ್ ರೂಮಿಗೆ ಮರಳಿದಾಗ ನೀಲಕಂಠಪ್ಪ ಆಗಲೇ ಬಂದು ತನ್ನ ಕುರ್ಚಿಯಲ್ಲಿ ಕುಳಿತಿದ್ದ. ಹಸಿರು ದೀಪ ಉರಿಯುತ್ತಲೇ ಇತ್ತು. ಅವಳು ವಾಯರಿಗೆ ಕೈ ಹಾಕಿದಳು.

"ತೆಗೀಬ್ಯಾಡ್ರಿ," ಎಂದ ಅವನು. "ಒಂದೀಟು ಇರ್ಲಿ."

ಅವಳು ಎಳೆದಳು. ಅಂಕಿ ನಿಂತಿತು. ಕೋಣೆಯಲ್ಲಿ ಇಷ್ಟು ಹೊತ್ತೂ ಏನೂ ಸದ್ದಿರಲಿಲ್ಲ, ಆದರೂ ಏನೋ ಸದ್ದು ನಿಂತಂತಾಯಿತು.

ಮೇಜಿನ ಫೋನು ಹೊಡೆದುಕೊಂಡಿತು. ಪ್ಯಾಕಿಂಗ್ ವಿಭಾಗದಿಂದ ದ್ಯಾಮಣ್ಣನ ಹೆಂಡತಿ ರತ್ನವ್ವ. ಅವಳ ದನಿ ಧನಶ್ರೀಗೂ ಕೇಳುತ್ತಿತ್ತು.

"ಅಣ್ಣಾರ, ಟ್ಯಾಂಕಿನ ಕಡೆ ಮಂದಿ ಓಡಾಕತ್ತಾರಂತಲ್ರಿ. ನಮ್ಮನಿಯವ್ರು ಮ್ಯಾಲ ಬಂದ್ರೇನು?"

"ಬಂದಾನವಾ," ಎಂದ ನೀಲಕಂಠಪ್ಪ. ಅವನ ಮುಖದಲ್ಲಿ ಏನೂ ಇರಲಿಲ್ಲ. "ನಳದಾಗ ಮಾರಿ ತೊಳ್ಕೊಳ್ಳಾಕತ್ತಾನ. ನೀ ಬುತ್ತಿ ಬಿಚ್ಚು."