ಎರಡು ನಿಮಿಷದ ಸೂರ್ಯ

ರಿಕ್ಷಾದಿಂದ ಇಳಿದ ರವಿರಾಜರು ಚಪ್ಪಲಿಯನ್ನು ಎಲ್ಲಿ ಬಿಟ್ಟರೋ ಅವರಿಗೇ ಗೊತ್ತಿಲ್ಲ. ಕೈಕಾಲಿಗೆ ನೀರು ತೋರಿಸಿದ ಶಾಸ್ತ್ರ ಮಾಡಿ, ಎರಡೂ ತುದಿ ತೆರೆದಿದ್ದ ಬದಿಯ ಜಗಲಿಯಲ್ಲಿ ಮಣೆ ಹಾಕಿ, ಪಡುವಣಕ್ಕೆ ಮುಖ ಮಾಡಿ ಕುಳಿತೇಬಿಟ್ಟರು. ಅಲ್ಲಿ ಗುಡ್ಡದ ಮೇಲೆ ಸೂರ್ಯ ಇನ್ನೂ ಬೆರಳಗಲದ ಕಾಲು ಭಾಗದಷ್ಟು ಎತ್ತರದಲ್ಲಿದ್ದ. ಬೆಳಿಗ್ಗೆ ಎರಡು ದೋಸೆ ತಿಂದು ಮೂಡಬಿದಿರೆಯಿಂದ ಬೆಳ್ತಂಗಡಿಗೆ ಹೋಗಿದ್ದ ಜೀವ ಅದು. ಹೋಟೆಲಿಗೆ ಹೋಗೋಣವೆಂದರೆ ಈರುಳ್ಳಿ, ಬಟಾಟೆಯ ಹೆದರಿಕೆ. ಮರಳಿ ಬರುವಾಗ ವೇಣೂರಿನಲ್ಲಿ ಬಸ್ಸಿನ ಟಯರು ಪಂಕ್ಚರು. ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರ ಬಾಯಿಗೂ ಒಂದು ಅಗುಳು ಹೋಗುವುದಿಲ್ಲ. ಅವನು ಮುಳುಗುವುದರೊಳಗೆ ತಿಂದರೆ ಊಟ, ತಪ್ಪಿದರೆ ನಾಳೆ ಬೆಳಗಿನವರೆಗೆ ಉಪವಾಸ.

"ಬೇಗ ಬಡಿಸು ಮಾರಾಯ್ತಿ. ಆ ಸೂರ್ಯನ ಟಯರು ಪಂಕ್ಚರಾಗುವುದಿಲ್ಲ."

ಹೆಂಡತಿ ಕಮಲಾವತಿ ತಟ್ಟೆ ತಂದಿಟ್ಟರು. ತೇಗದ ಎಲೆಯಲ್ಲಿ ಬೆಂದ ಎರಡು ಹಲಸಿನ ಹಣ್ಣಿನ ಕಡುಬು, ಅಂದರೆ ಗಟ್ಟಿ, ಮೇಲೆ ಕರಗುತ್ತಿರುವ ತುಪ್ಪ. "ನಾಲ್ಕು ನಿಮಿಷ ಉಂಟು. ಮಾತಾಡದೆ ತಿನ್ನಿ," ಎಂದು ಪಕ್ಕದಲ್ಲೇ ನಿಂತರು. ಆ ಮನೆಯಲ್ಲಿ ಸೂರ್ಯನ ವಕಾಲತ್ತು ಅವರದು. ಗಟ್ಟಿಯೋ ಕೈಯಿಟ್ಟರೆ ಬೊಬ್ಬೆ ಏಳುವಷ್ಟು ಬಿಸಿ. ರವಿರಾಜರು ಎಲೆ ಬಿಡಿಸಿ, ಊದಿ, ಬೆರಳು ಸುಟ್ಟುಕೊಂಡು, ಮತ್ತೆ ಊದಿ ಮೊದಲ ತುಂಡು ಮುರಿಯುವಾಗ ಸೂರ್ಯನ ಬುಡ ಗುಡ್ಡಕ್ಕೆ ತಾಗಿತ್ತು.

ರಜೆಗೆ ಬಂದಿದ್ದ ಮೊಮ್ಮಗಳು ತ್ರಿಶಾ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದವಳು. ಕಂಬಕ್ಕೊರಗಿ ಇದನ್ನೆಲ್ಲ ನೋಡುತ್ತಿದ್ದವಳಿಗೆ ನಾಲಿಗೆ ತುರಿಸಿತು. "ಅಜ್ಜ, ಆ ಸೂರ್ಯ ಆಗಲೇ ಮುಳುಗಿ ಆಯ್ತು."

"ಎಂತ? ಕಣ್ಣೆದುರು ಉಂಟಲ್ಲ."

"ಕಾಣ್ತದೆ. ಆದರೆ ಅಲ್ಲಿಲ್ಲ. ಬೆಳಕು ಗಾಳಿಯಲ್ಲಿ ಬಗ್ಗಿ ಬರ್ತದೆ. ನಿಜವಾದ ಸೂರ್ಯ ಗುಡ್ಡದ ಕೆಳಗೆ ಹೋಗಿ ಎರಡು ನಿಮಿಷದವರೆಗೂ ನಮಗೆ ಮೇಲೆಯೇ ಕಾಣ್ತಾನೆ."

"ಅವಳ ತಲೆ," ಎಂದರು ರವಿರಾಜರು, ತುಂಡನ್ನು ಊದುತ್ತ. ಆದರೆ ಕಮಲಾವತಿಯ ಹುಬ್ಬು ಮೇಲೇರಿತ್ತು. ತ್ರಿಶಾ ಸ್ಟೀಲಿನ ಬೋಗುಣಿಯ ತಳದಲ್ಲಿ ಒಂದು ನಾಣ್ಯವಿಟ್ಟು, ಅದು ಅಂಚಿನಲ್ಲಿ ಮರೆಯಾಗುವಷ್ಟು ದೂರ ಅಜ್ಜಿಯನ್ನು ನಿಲ್ಲಿಸಿ, ಚೆಂಬಿನಿಂದ ನೀರು ಹೊಯ್ದಳು. ಅಜ್ಜಿ ಅಲುಗಲಿಲ್ಲ, ನಾಣ್ಯವೂ ಅಲುಗಲಿಲ್ಲ. ಆದರೂ ನಾಣ್ಯ ನಿಧಾನವಾಗಿ ಎದ್ದು ಬಂದು ಕಣ್ಣಿಗೆ ಬಿತ್ತು.

ಕಮಲಾವತಿ ಒಂದು ಗಳಿಗೆ ಬೋಗುಣಿಯನ್ನೂ ಒಂದು ಗಳಿಗೆ ಗುಡ್ಡವನ್ನೂ ನೋಡಿದರು. ಆಮೇಲೆ ಬಗ್ಗಿ ತಟ್ಟೆಗೆ ಕೈ ಹಾಕಿದರು. "ಕೈ ತೆಗೆಯಿರಿ. ಮುಳುಗಿದ್ದು ಮುಳುಗಿದ ಹಾಗೆಯೇ."

ಹಸಿದ ಹೊಟ್ಟೆಗೆ ಬರುವ ಬುದ್ಧಿ ತುಂಬಿದ ಹೊಟ್ಟೆಗೆ ಬಾರದು. ರವಿರಾಜರು ತಟ್ಟೆಯ ಇನ್ನೊಂದು ಅಂಚನ್ನು ಹಿಡಿದು ಮೆಲ್ಲನೆ ಕೇಳಿದರು: "ಅಲ್ಲ ಮಗಾ, ಈ ಬಗ್ಗುವುದು ಸಂಜೆಗೆ ಮಾತ್ರವಾ? ಬೆಳಿಗ್ಗೆಯೂ ಉಂಟಾ?"

"ಬೆಳಿಗ್ಗೆಯೂ ಉಂಟು ಅಜ್ಜ. ಹುಟ್ಟುವ ಮೊದಲೇ ಕಾಣ್ತಾನೆ."

"ಹಾಗಾದರೆ ನಲವತ್ತೆರಡು ವರ್ಷದಿಂದ ಈ ಮನೆಯಲ್ಲಿ ಯಾರೋ ಸೂರ್ಯ ಹುಟ್ಟುವ ಮೊದಲೇ ಕಾಫಿ ಕುಡಿತಾ ಇದ್ದಾರೆ."

ದಿನಾ ಬೆಳಿಗ್ಗೆ ಲೋಟ ಹಿಡಿದು ಮೂಡಣ ಬಾಗಿಲಲ್ಲಿ ಕಾದು, ಸೂರ್ಯನ ಮೊದಲ ಅಂಚು ಕಂಡ ಕೂಡಲೇ ಒಂದು ಗುಟುಕು ಏರಿಸುವವರು ಯಾರೆಂದು ಮೂವರಿಗೂ ಗೊತ್ತು. ಬಸದಿಯಲ್ಲಿ ಹೆಂಗಸರೆಲ್ಲ 'ವ್ರತ ಅಂದರೆ ಕಮಲಕ್ಕನದು' ಎನ್ನುವುದೂ ಗೊತ್ತು. ಕಮಲಾವತಿ ತಟ್ಟೆ ಬಿಟ್ಟು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡರು.

"ನಾವು ವ್ರತ ಹಿಡಿದದ್ದು ಕಾಣುವ ಸೂರ್ಯನಿಗೆ. ಕಾಣದವನ ಉಸಾಬರಿ ನಮಗೆ ಬೇಡ. ತಿನ್ನಿ."

ಗೆದ್ದ ರವಿರಾಜರು ತುಂಡು ಎತ್ತಿ, ಬಾಯಿ ತೆರೆದು, ಅಭ್ಯಾಸಬಲದಿಂದ ಒಮ್ಮೆ ಗುಡ್ಡ ನೋಡಿದರು. ಅಲ್ಲಿ ಬರೀ ಕೆಂಪು. ವಾದ ಮುಗಿಯುವಷ್ಟರಲ್ಲಿ ಕಾಣುವವನೂ ಹೋಗಿಯಾಗಿತ್ತು. ತ್ರಿಶಾ ಬಾಯಿಗೆ ಕೈ ಅಡ್ಡ ಹಿಡಿದಳು. ಕಮಲಾವತಿಯ ಮುಖದಲ್ಲಿ ಬೇಡವೆಂದರೂ ಒಂದು ನಗು ಅರಳಿತು. ಕೈ ಮತ್ತೆ ತಟ್ಟೆಯ ಕಡೆಗೆ ಬಂತು.

ಮುಳುಗುವವನಂತೆ ರವಿರಾಜರು ಸುತ್ತಲೂ ಕಣ್ಣಾಡಿಸಿದರು. ಅವರ ಕತ್ತು ಮೂಡಣಕ್ಕೆ ತಿರುಗಿ ಅಲ್ಲೇ ನಿಂತಿತು. ರಸ್ತೆಯಾಚೆ ಹೊಸದಾಗಿ ಎದ್ದ ಕಟ್ಟಡಕ್ಕೆ ಮೇಲಿಂದ ಕೆಳಗಿನವರೆಗೆ ಗಾಜು. ಮೂರನೇ ಮಾಳಿಗೆಯಲ್ಲಿ ಯಾರೋ ಒಂದು ಕಿಟಕಿಯನ್ನು ಹೊರಕ್ಕೆ ನೂಕಿ ಓರೆಯಾಗಿ ತೆರೆದಿಟ್ಟಿದ್ದರು. ಆ ಒಂದೇ ಗಾಜಿನಲ್ಲಿ, ಗುಡ್ಡ ದಾಟಿ ಅಷ್ಟೆತ್ತರಕ್ಕೆ ಇನ್ನೂ ತಲುಪುತ್ತಿದ್ದ ಬೆಳಕಿನಲ್ಲಿ, ಸೂರ್ಯ ದುಂಡಗೆ ಕುಳಿತಿದ್ದ.

"ಅಗೋ. ಕಾಣ್ತಾನೆ."

"ಅಜ್ಜ, ಅದು ಪ್ರತಿ..."

"ನೀನು ಸುಮ್ಮನೆ ಕೂತುಕೋ. ಒಂದು ಗಟ್ಟಿ ನಿನಗೆ."

ತ್ರಿಶಾ ಸುಮ್ಮನೆ ಕುಳಿತಳು. ರವಿರಾಜರು ಮಣೆಯನ್ನು ತಿರುಗಿಸಿ, ಪಡುವಣಕ್ಕೆ ಬೆನ್ನು ಹಾಕಿ, ಮೂಡಣದಲ್ಲಿ ಮುಳುಗುತ್ತಿದ್ದ ಸೂರ್ಯನನ್ನು ನೋಡುತ್ತ ತಿನ್ನತೊಡಗಿದರು. ಕಮಲಾವತಿ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಆ ಗಾಜನ್ನು, ಒಮ್ಮೆ ಗಂಡನ ಉಬ್ಬಿದ ಕೆನ್ನೆಯನ್ನು ನೋಡಿದರು.

ಅಷ್ಟರಲ್ಲಿ ಮೂರನೇ ಮಾಳಿಗೆಯಿಂದ ಒಂದು ಕೈ ಕಿಟಕಿಯನ್ನು ಒಳಕ್ಕೆ ಎಳೆಯಲು ಹೊರಗೆ ಬಂತು. ರಸ್ತೆಯ ಈಚೆಯಿಂದ ಮೊದಲು ಕೂಗಿದವರು ಕಮಲಾವತಿಯೇ.

"ಹೋಯ್, ಒಂದು ನಿಮಿಷ ಮುಚ್ಚಬೇಡಿ. ಇವರದ್ದು ಊಟ ಆಗಲಿಲ್ಲ."