ಹಾರದೆ ನಿಂತ ವಿಮಾನ

ಸೆಡ್ರಿಕ್ ಹೋಲ್ರಾಯ್ಡ್... ಇಂಗ್ಲೆಂಡಿನ ಒಬ್ಬ ಬಡಗಿಯ ಮಗ.

ಹದಿನಾರನೇ ವಯಸ್ಸಿಗೇ ವಿಮಾನ ಕಾರ್ಖಾನೆ ಸೇರಿದರು. ಹಗಲು ರೆಕ್ಕೆಯ ಮರ ಉಜ್ಜುವ ಕೆಲಸ, ಸಂಜೆ ಗಣಿತದ ಕ್ಲಾಸು.

ಇಪ್ಪತ್ತಾರು ವರ್ಷಗಳ ನಂತರ ಅದೇ ಕಾರ್ಖಾನೆಗೆ ಚೀಫ್ ಡಿಸೈನರ್ ಆದರು!

ಅವರ ಮೊದಲ ಪ್ರಯಾಣಿಕ ವಿಮಾನ ಹಾರುವ ದಿನ ಬಂತು. ಮೈದಾನದ ತುಂಬ ಅಧಿಕಾರಿಗಳು, ಪತ್ರಕರ್ತರು... ಪೈಲಟ್ ಮಾಸ್ ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ವಿನ್ಯಾಸದ ಲೆಕ್ಕ ಪರಿಶೀಲಿಸುವ ವಿಭಾಗದ ವಿನಿಫ್ರೆಡ್ ಎಂಬ ಮಹಿಳೆ ಏದುಸಿರು ಬಿಡುತ್ತಾ ಬಂದರು.

"ಸರ್, ಬಾಲದ ಲೆಕ್ಕ ತಪ್ಪಿದೆ. ಮೂರು ಸಲ ನೋಡಿದೆ... ಗಾಳಿಯ ಒತ್ತಡಕ್ಕೆ ಅದು ತಡೆಯಲ್ಲ."

"ಯಾರ ತಪ್ಪು?"

ಆಕೆ ತಲೆ ತಗ್ಗಿಸಿದರು. "ನಿಮ್ಮದೇ ಸರ್..."

ಹೋಲ್ರಾಯ್ಡ್ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತು, ಪೆನ್ಸಿಲ್ ಹಿಡಿದು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದರು. ಆಮೇಲೆ ಎದ್ದು ನೇರ ಮಾಲೀಕರ ಬಳಿ ಹೋದರು.

"ಇವತ್ತು ವಿಮಾನ ಹಾರುವುದಿಲ್ಲ. ತಪ್ಪು ನನ್ನದು."

"ಇಷ್ಟು ಜನರ ಮುಂದೆ ನಮ್ಮ ಮಾನ ಕಳೆದಿರಿ," ಎಂದರು ಮಾಲೀಕರು.

ಮರುವಾರವೇ ಚೀಫ್ ಹುದ್ದೆ ಹೋಯಿತು. ಮೂಲೆಯ ಒಂದು ಮೇಜು ಸಿಕ್ಕಿತು. ಅವರು ಅಲ್ಲೇ ಕೂತು, ನಾಲ್ಕು ತಿಂಗಳು, ಬಾಲದ ನಕ್ಷೆಯನ್ನು ಹೊಸದಾಗಿ ಬರೆದರು...

ಅಷ್ಟಕ್ಕೂ ಹಳೆಯ ಬಾಲಕ್ಕೆ ಏನಾಗಿತ್ತು ಎಂದು ನೋಡಲು ಮಾಲೀಕರು ಅದರ ಮೇಲೆ ಮರಳಿನ ಚೀಲ ಹೇರಿಸಿದರು.

ಹೊರಬೇಕಿದ್ದ ಭಾರದ ಅರ್ಧಕ್ಕೇ ಅದು ಲಟಕ್ಕನೆ ಮುರಿದು ಬಿತ್ತು!

ಪೈಲಟ್ ಮಾಸ್ ಪಕ್ಕದಲ್ಲೇ ನಿಂತು ಅದನ್ನು ನೋಡಿದರು. ಮರುದಿನ ಹೆಂಡತಿ ಮತ್ತು ಹಸುಗೂಸಿನ ಜೊತೆ ಆ ಮೂಲೆಯ ಮೇಜಿಗೆ ಬಂದರು.

"ನಾನು ಹಾರಬೇಕಿದ್ದ ದಿನ ಇವಳು ಇನ್ನೂ ಹುಟ್ಟಿರಲಿಲ್ಲ ಸರ್... ನಿಮ್ಮಿಂದ ಅಪ್ಪನ ಮುಖ ನೋಡಿದಳು."

ಹೋಲ್ರಾಯ್ಡ್ ಅವರ ಕಣ್ಣು ತುಂಬಿ ಬಂತು. ಮಗುವನ್ನು ಎತ್ತಿಕೊಂಡು ಸೀದಾ ವಿನಿಫ್ರೆಡ್ ಬಳಿ ಹೋದರು. "ಥ್ಯಾಂಕ್ಸ್ ಇವರಿಗೆ ಹೇಳಿ ಮಾಸ್. ತಪ್ಪು ಕಂಡುಹಿಡಿದದ್ದು ಇವರು. ನಾನು ಕೇಳಿಸಿಕೊಂಡೆ, ಅಷ್ಟೇ."

ಮಾಲೀಕರು ಹುದ್ದೆ ವಾಪಸ್ ಕೊಡಲು ಬಂದಾಗ ಅವರು ಒಂದೇ ಷರತ್ತು ಹಾಕಿದರು.

"ಇನ್ನು ಮುಂದೆ ಪ್ರತಿ ನಕ್ಷೆಯ ಮೇಲೂ ನನ್ನ ಸಹಿಯ ಪಕ್ಕ ವಿನಿಫ್ರೆಡ್ ಅವರ ಸಹಿ ಇರಬೇಕು."

ಅಲ್ಲಿಯವರೆಗೆ ಯಾವ ನಕ್ಷೆಯಲ್ಲೂ ಹೆಸರಿಲ್ಲದ ವಿನಿಫ್ರೆಡ್, ಸಹಿ ಹಾಕುವಾಗ ಬಿಕ್ಕಿ ಬಿಕ್ಕಿ ಅತ್ತರು...

ಮುಂದಿನ ಹದಿನೆಂಟು ವರ್ಷ. ಹನ್ನೊಂದು ವಿಮಾನಗಳು. ಎಲ್ಲದರ ನಕ್ಷೆಯ ಮೇಲೂ ಇಬ್ಬರ ಹೆಸರು. ಎಲ್ಲವೂ ಸುರಕ್ಷಿತವಾಗಿ ನೆಲ ಮುಟ್ಟಿದವು.

ತಪ್ಪು ಒಪ್ಪಿಕೊಂಡವನ ಹುದ್ದೆ ಇಳಿಯಬಹುದು... ಎತ್ತರ ಇಳಿಯುವುದಿಲ್ಲ.

ನಿಮ್ಮ ತಪ್ಪನ್ನು ಧೈರ್ಯವಾಗಿ ಹೇಳಿದವರಿಗೆ ನೀವು ಕೊನೆಯ ಸಲ ಥ್ಯಾಂಕ್ಸ್ ಹೇಳಿದ್ದು ಯಾವಾಗ?